ಐದು ಕಲ್ಲು, ಒಂದು ಬಾವಿ

ಬಾಣಂತಿಯು ಮೊದಲ ಸಲ ಹೊಸ್ತಿಲು ದಾಟಿ ನೀರಿಗೆ ಹೋಗುವ ದಿನ ಗಂಗೆಯ ಪೂಜೆ ಮಾಡುವ ಸಂಪ್ರದಾಯ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇನ್ನೂ ಉಳಿದಿರಬಹುದು. ಬಾವಿಯ ಕಟ್ಟೆಯ ಮೇಲೆ ಐದು ಚಿಕ್ಕ ಕಲ್ಲುಗಳನ್ನು ಸಾಲಾಗಿರಿಸಿ, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಎಲೆ ಅಡಿಕೆಯಿಟ್ಟು, ಒಂದು ಕೊಡ ನೀರು ಸೇದಿಕೊಂಡು ಮನೆಗೆ ಬರುವುದು, ಪೂಜೆಯೆಂದರೆ ಇಷ್ಟೇ. ಪುರೋಹಿತರ ಅಗತ್ಯವಿಲ್ಲ, ಮಂತ್ರವಿಲ್ಲ, ಗಂಡಸರಿಗಂತೂ ಅಲ್ಲಿ ಕೆಲಸವೇ ಇಲ್ಲ. ಆದುದರಿಂದಲೇ ಏನೋ, ಈ ಆಚರಣೆ ಇಷ್ಟು ಕಾಲ ಬಾಳಿ ಬಂದಿದೆ.

ಈ ಪೂಜೆಯ ವಿಷಯ ನನಗೆ ಈಗ ನೆನಪಾದುದಕ್ಕೆ ಕಾರಣ ನನ್ನ ಅಕ್ಕ. ಅಕ್ಕನ ಮಗಳು ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಅಕ್ಕ, ಕರಿಎಳ್ಳು, ಅಳವಿ, ಒಣಶುಂಠಿಗಳ ಗಂಟು ಕಟ್ಟಿಕೊಂಡು ಆ ಚಳಿಯ ದೇಶಕ್ಕೆ ಹೋಗಿದ್ದಳು. ಮಗುವಿಗೆ ಒಂದೂವರೆ ತಿಂಗಳಾದಾಗ ಒಂದು ರಾತ್ರಿ ಫೋನು ಬಂತು. "ಇಲ್ಲಿ ಬಾವೀನೇ ಇಲ್ಲಲ್ಲೋ! ಗಂಗೀ ಪೂಜಿ ಎಲ್ಲಿ ಮಾಡ್ಲಿ? ನಳಕ್ಕ ಕುಂಕುಮ ಹಚ್ಚಿ ಬರ್ಲೇನು?" ಎಂದು ಕೇಳಿದಳು. ನಳಕ್ಕೆ ಕುಂಕುಮ ಹಚ್ಚುವುದರಲ್ಲಿ ತಪ್ಪೇನಿಲ್ಲವೆಂದೂ ಬೆಂಗಳೂರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ ಎಂದೂ ನಾನು ಹೇಳಿದೆ. ಅಕ್ಕನಿಗೆ ಅದು ರುಚಿಸಲಿಲ್ಲ.

ಎರಡು ವಾರಗಳ ತರುವಾಯ ಅವಳು ಕಳುಹಿಸಿದ ಚಿತ್ರವನ್ನು ಕಂಡು ನಾನು ಬೆರಗಾದೆ. ಹಸಿರು ಹುಲ್ಲಿನ ನಡುವೆ ಒಂದು ಕಲ್ಲುಕಟ್ಟಿನ ಪುಟ್ಟ ಬಾವಿ. ಅದರತ್ತ ಸಾಲಾಗಿ ನೆಟ್ಟ ಕಲ್ಲುಗಳು. ಎಣಿಸಿ ನೋಡಿದೆ, ಐದು.

ಅದು ಡಬ್ಲಿನ್ನಿಗೆ ನೈಋತ್ಯದಲ್ಲಿರುವ ಕಿಲ್ಡೇರ್ ಎಂಬ ಊರಿನ ಸಂತ ಬ್ರಿಗಿಡ್‌ಳ ಬಾವಿ. ಬ್ರಿಗಿಡ್ ಐರ್ಲೆಂಡಿನ ಕ್ರೈಸ್ತರ ಮಹಾಸಾಧ್ವಿ. ಅದಕ್ಕೂ ಹಿಂದೆ ಅದೇ ಹೆಸರಿನ ದೇವಿಯೊಬ್ಬಳನ್ನು ಆ ನಾಡಿನ ಜನ ಪೂಜಿಸುತ್ತಿದ್ದರು. ಕಾವ್ಯಕ್ಕೂ ಕಮ್ಮಾರಿಕೆಗೂ ವೈದ್ಯಕ್ಕೂ ಅವಳೇ ಅಧಿದೇವತೆ. ಫೆಬ್ರವರಿ 1 ಅವಳ ಹಬ್ಬ. 2023ರಿಂದ ಅಲ್ಲಿನ ಸರಕಾರ ಅದರ ಹೆಸರಿನಲ್ಲಿ ರಜೆಯನ್ನೂ ಕೊಡುತ್ತಿದೆ. ಬಾವಿಯ ಬಳಿಯ ಮರದ ಕೊಂಬೆಗಳಿಗೆ ಜನ ಬಟ್ಟೆಯ ಚೂರುಗಳನ್ನು ಕಟ್ಟಿ ಹೋಗಿದ್ದರು. ನಮ್ಮಲ್ಲಿ ದರ್ಗಾದ ಬೇವಿನ ಮರಕ್ಕೂ ದೇವಿಯ ಗುಡಿಯ ಮರಕ್ಕೂ ಹರಕೆಯ ಅರಿವೆ ಕಟ್ಟುವುದಿಲ್ಲವೆ, ಹಾಗೆಯೇ. ಅರಿವೆ ಮಳೆಗಾಳಿಗೆ ಜೀರ್ಣವಾದಂತೆ ಕಟ್ಟಿದವರ ಬೇನೆಯೂ ಸವೆಯುತ್ತದೆಂದು ಅವರ ನಂಬಿಕೆ.

ಅಂಥ ಬಾವಿಗಳು ಐರ್ಲೆಂಡಿನಲ್ಲಿ ಸುಮಾರು 3000 ಇವೆಯೆಂದು ಬಲ್ಲವರ ಎಣಿಕೆ. ಕಣ್ಣುಬೇನೆಗೆ ಒಂದು, ಹಲ್ಲುನೋವಿಗೆ ಒಂದು, ಚಿತ್ತಭ್ರಮೆಗೆ ಮತ್ತೊಂದು. ಒಂದೊಂದಕ್ಕೂ ಒಬ್ಬೊಬ್ಬ ಸಂತ, ಒಂದೊಂದು ದಿನದ ಜಾತ್ರೆ. ಬಾವಿಯಲ್ಲಿ ಒಂದು ಮೀನಿರುವುದೆಂದೂ ಅದು ಕಣ್ಣಿಗೆ ಬಿದ್ದವನ ಕೋರಿಕೆ ಕೈಗೂಡುವುದೆಂದೂ ಕೆಲವೆಡೆ ಹೇಳುತ್ತಾರೆ. ಆ ನೀರನ್ನು ಎಷ್ಟು ಉರಿಯಿಟ್ಟರೂ ಕುದಿಯದಂತೆ! ಬಾವಿಯಲ್ಲಿ ಯಾರಾದರೂ ಮೈಲಿಗೆ ಬಟ್ಟೆ ಒಗೆದರೆ ನೀರು ಮುನಿಸಿಕೊಂಡು ರಾತ್ರೋರಾತ್ರಿ ಬೇರೊಂದು ಹೊಲಕ್ಕೆ ಹೋಗಿ ಚಿಮ್ಮುತ್ತದೆಂಬ ಕಥೆಯಂತೂ ಊರೂರಿಗೂ ಉಂಟು. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗವು ಶಾಲೆಯ ಮಕ್ಕಳಿಗೆ, ಮನೆಯ ಮುದುಕ ಮುದುಕಿಯರನ್ನು ಕೇಳಿ ಊರಿನ ಕಥೆಗಳನ್ನು ಬರೆದುಕೊಂಡು ಬರಲು ಹೇಳಿತು. ಸುಮಾರು 50,000 ಮಕ್ಕಳು ಬರೆದರು. ಬಾವಿಗಳ ಸಂಗತಿ ಹೊರಗಿನವರಿಗೆ ಇಷ್ಟು ವಿವರವಾಗಿ ತಿಳಿದಿರುವುದು ಬಹುಮಟ್ಟಿಗೆ ಆ ಮಕ್ಕಳ ಕೋಳಿಕಾಲಿನ ಅಕ್ಷರಗಳಿಂದ.

ನನಗೆ ಎಲ್ಲಕ್ಕಿಂತ ಹೆಚ್ಚು ಸೋಜಿಗವೆನಿಸಿದ್ದು ಅವರು ಬಾವಿಯನ್ನು ಸುತ್ತುವ ರೀತಿ. ಯಾತ್ರಿಕರು ಬಾವಿಯನ್ನು ಬಲಗಡೆಗಿಟ್ಟುಕೊಂಡು, ಸೂರ್ಯ ಸಾಗುವ ದಿಕ್ಕಿಗೆ ಸುತ್ತು ಬರುತ್ತಾರೆ. ಲೆಕ್ಕ ತಪ್ಪದಿರಲೆಂದು ಸುತ್ತಿಗೊಂದು ಹರಳನ್ನು ಕೆಳಗಿಡುತ್ತಾರೆ. ಹೀಗೆ ಬಲಕ್ಕೆ ಸುತ್ತುವುದಕ್ಕೆ ಅವರ ಹಳೆಯ ಭಾಷೆಯಲ್ಲಿ 'ದೆಶಲ್' ಎಂದು ಹೆಸರು. ಅದರೊಳಗಿರುವ 'ದೆಸ್' ಎಂಬ ಶಬ್ದಕ್ಕೆ ಬಲಗೈ ಎಂದೂ ತೆಂಕಣ ದಿಕ್ಕೆಂದೂ ಎರಡರ್ಥ. ಮೂಡಣಕ್ಕೆ ಮುಖಮಾಡಿ ನಿಂತವನ ಬಲಕ್ಕೆ ತೆಂಕಣವಷ್ಟೆ? ನಮ್ಮ 'ದಕ್ಷಿಣ' ಶಬ್ದಕ್ಕೂ ಅದೇ ಎರಡರ್ಥ. ಇವೆರಡೂ ಒಂದೇ ಬೇರಿನ ಮಾತುಗಳೆಂದು ಭಾಷಾಶಾಸ್ತ್ರಜ್ಞರು ಸಾಧಿಸಿದ್ದಾರೆ. ಪ್ರದಕ್ಷಿಣೆ ಮಾಡಲು ಅಕ್ಕ ಅಷ್ಟು ದೂರ ಹೋಗಿ, ತನ್ನ ಮಾತಿನ ದಾಯಾದಿಯನ್ನೇ ಕಂಡುಕೊಂಡು ಬಂದಳೆನ್ನಬೇಕು. (ಇದನ್ನು ಅವಳಿಗೆ ವಿವರಿಸಿದೆ. "ಸುತ್ತೂದು ಬಲಕ್ಕಲ್ಲದ ಎಡಕ್ಕ ಸುತ್ತತಾರೇನು?" ಎಂದಳು. ಭಾಷಾಶಾಸ್ತ್ರ ಅಲ್ಲಿಗೆ ಮುಗಿಯಿತು.)

ನಮ್ಮ ಹುಟ್ಟೂರು ಮಾದನಹಿಪ್ಪರಗಾ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಮಗ್ಗುಲಲ್ಲಿ, ಜೋಳ ತೊಗರಿಗಳ ಕರಿ ನೆಲದ ಊರು. ಚಿಕ್ಕಂದಿನಲ್ಲಿ ನಾವು ಕಂಡ ಮೊದಲ ತೀರ್ಥಕ್ಷೇತ್ರವೆಂದರೆ ತೆಂಕಣಕ್ಕಿರುವ ಅಫಜಲಪುರ ತಾಲ್ಲೂಕಿನ ಗಾಣಗಾಪುರ. ಆಳಂದ ತಾಲ್ಲೂಕಿನಿಂದ ಹರಿದು ಹೋಗುವ ಅಮರ್ಜಾ ನದಿ ಅಲ್ಲಿ ಭೀಮೆಯನ್ನು ಕೂಡುತ್ತದೆ. ಜಲಂಧರಾಸುರನೊಡನೆ ದೇವತೆಗಳು ಕಾದಾಡಿದಾಗ ಇಂದ್ರನು ಒಯ್ಯುತ್ತಿದ್ದ ಅಮೃತದಲ್ಲಿ ಕೊಂಚ ನೆಲಕ್ಕೆ ತುಳುಕಿ ಹುಟ್ಟಿದ ಹೊಳೆ ಅದೆಂದು ಪುರಾಣ. ಕೊರಳ್ಳಿಯ ಬಳಿ ಆ ಅಮೃತಕ್ಕೆ ಈಗ ಅಣೆಕಟ್ಟೆಯೂ ಆಗಿದೆ.

ಗಾಣಗಾಪುರವನ್ನು ಪ್ರಸಿದ್ಧಿಗೆ ತಂದವರು ಹದಿನಾಲ್ಕು ಹದಿನೈದನೆಯ ಶತಮಾನಗಳ ಸಂಧಿಯಲ್ಲಿದ್ದ ನೃಸಿಂಹ ಸರಸ್ವತಿಗಳು. ಅವರ ಚರಿತ್ರೆಯನ್ನು ಸರಸ್ವತೀ ಗಂಗಾಧರನು 'ಗುರುಚರಿತ್ರ'ವೆಂಬ ಹೆಸರಿನಲ್ಲಿ ಮರಾಠಿಯಲ್ಲಿ ಬರೆದ. ಗ್ರಂಥ ಮರಾಠಿಯದಾದರೂ ಅದರ ನಡುವೆ ಕನ್ನಡದ ಹಾಡುಗಳು ಬರುತ್ತವೆ. ಆ ಸೀಮೆಯ ಬಾಳೇ ಅಂಥದು. ಅದರಲ್ಲಿ ಬರುವ ಅಷ್ಟತೀರ್ಥಗಳ ಕಥೆ ಸ್ವಾರಸ್ಯವಾದುದು. ದೀಪಾವಳಿಯ ಕಾಲದಲ್ಲಿ ಗುರುಗಳು ಶಿಷ್ಯರನ್ನು ಕರೆದು, ಕಾಶಿ ಪ್ರಯಾಗ ಗಯೆಗಳಲ್ಲಿ ಸ್ನಾನ ಮಾಡಿ ಬರೋಣ, ಹೆಂಡಿರು ಮಕ್ಕಳನ್ನೂ ಕರೆದುಕೊಳ್ಳಿರಿ ಎಂದರಂತೆ. ಅಷ್ಟು ದೂರದ ಪಯಣಕ್ಕೆ ಸಿದ್ಧತೆ ಬೇಕಲ್ಲವೆ ಎಂದು ಶಿಷ್ಯರು ತಬ್ಬಿಬ್ಬಾದರು. ಗುರುಗಳು ನಕ್ಕು, ಅವರನ್ನು ಊರಂಚಿನಲ್ಲೇ ಸುತ್ತಿಸಿದರು. ಸಂಗಮದ ಷಟ್ಕುಲ ತೀರ್ಥವೇ ಪ್ರಯಾಗ, ಮುಂದೆ ನರಸಿಂಹ ತೀರ್ಥ, ಭಾಗೀರಥಿ ತೀರ್ಥವೇ ಕಾಶಿ, ಆಮೇಲೆ ಪಾಪವಿನಾಶಿ, ಕೋಟಿ ತೀರ್ಥಗಳು, ರುದ್ರಪಾದವೇ ಗಯೆ, ಚಕ್ರತೀರ್ಥವೇ ದ್ವಾರಕೆ, ಕಲ್ಲೇಶ್ವರನ ಬಳಿಯ ಮನ್ಮಥ ತೀರ್ಥವೇ ಗೋಕರ್ಣ. ಗುರುಗಳ ಅಕ್ಕರೆಯ ಸೋದರಿ ರತ್ನೆಗೆ ತೊನ್ನು ಹತ್ತಿದ್ದು, ಪಾಪವಿನಾಶಿಯಲ್ಲಿ ಮಿಂದಾಗ ಗುಣವಾಯಿತೆಂದು ಕಥೆ.

ಕಾಶಿಗೆ ಹೋಗಲು ಹಣವೂ ಇಲ್ಲದ, ಮೈಯಲ್ಲಿ ಕಸುವೂ ಇಲ್ಲದ ಬಡ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಉಪಕಾರವಾವುದು? ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಕಾಶಿಯನ್ನು ಕಾಣಲೇ ಇಲ್ಲ. ಆದರೆ ಚಕ್ಕಡಿಯಲ್ಲಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಗಾಣಗಾಪುರಕ್ಕೆ ಹೋಗಿ ಎಂಟೂ ತೀರ್ಥಗಳಲ್ಲಿ ಮಿಂದು ಬಂದಾಗಲೆಲ್ಲ, "ಕಾಶಿಗಿ ಹೋಗಿ ಬಂದೆ" ಎಂದೇ ಊರಿನಲ್ಲಿ ಹೇಳುತ್ತಿದ್ದಳು, ಯಾರೂ ನಗುತ್ತಿರಲಿಲ್ಲ. ಮನ್ಮಥ ತೀರ್ಥದ ಮೇಲಂತೂ ಅವಳಿಗೆ ಸ್ವಂತ ಹಕ್ಕು. "ಮನ್ಮಥ ಅಂದ್ರ ಮದನ. ಮದನನ ಹಿಪ್ಪರಗಾ ಅಂದ್ರ ನಮ್ದು. ಈ ತೀರ್ಥ ನಮ್ಮೂರಿಂದೇ" ಎಂದು ನೀರಿನಲ್ಲಿ ನಿಂತೇ ವ್ಯುತ್ಪತ್ತಿ ಹೇಳುವಳು. ಯಾವ ಪಂಡಿತನೂ ಒಪ್ಪುವ ಮಾತಲ್ಲ. ಆದರೆ ನೀರಿನೊಡನೆ ಸಂಬಂಧ ಕಟ್ಟಿಕೊಳ್ಳಲು ಪಂಡಿತರ ಒಪ್ಪಿಗೆ ಬೇಕೆಂದು ಯಾರು ಹೇಳಿದರು?

ನಮ್ಮ ಸೀಮೆಯ ಈಶಾನ್ಯಕ್ಕಿರುವ ಬೀದರಿಗೆ ಹೋದರೆ ಇಂಥ ನೀರಿನ ಕಥೆಗಳು ಮತ್ತಷ್ಟು. ಅಲ್ಲಿ ಝರಣಿ ನರಸಿಂಹನ ದರ್ಶನಕ್ಕೆ ಎದೆಮಟ್ಟದ ನೀರಿನಲ್ಲಿ ಗವಿಯೊಳಗೆ ನಡೆದು ಹೋಗಬೇಕು. ನರಸಿಂಹನು ಕೊಂದ ಜಲಾಸುರನೇ ನೀರಾಗಿ ಸ್ವಾಮಿಯ ಪಾದದಿಂದ ಹರಿಯುತ್ತಿದ್ದಾನೆಂದು ಪ್ರತೀತಿ. ಊರಿನ ಇನ್ನೊಂದು ಕಡೆ ಗುರುನಾನಕ ಝೀರಾ. ಹದಿನಾರನೆಯ ಶತಮಾನದ ಆದಿಯಲ್ಲಿ ನಾನಕರು ಇಲ್ಲಿಗೆ ಬಂದಾಗ, ಸಿಹಿನೀರಿಲ್ಲದೆ ಜನ ಕಷ್ಟಪಡುವುದನ್ನು ಕಂಡು, ಪಾದುಕೆಯ ತುದಿಯಿಂದ ಒಂದು ಕಲ್ಲನ್ನು ಸರಿಸಿದರಂತೆ, ಬುಗ್ಗೆ ಚಿಮ್ಮಿತು. ಆ ನೀರನ್ನು ಸಿಖ್ಖರೂ ಕೊಂಡೊಯ್ಯುತ್ತಾರೆ, ಬೀದರಿನ ಬೇರೆ ಜನರೂ ಕೊಂಡೊಯ್ಯುತ್ತಾರೆ. ಐರ್ಲೆಂಡಿನ ಸಂತರು ಊರುಗೋಲಿನಿಂದ ನೆಲವನ್ನು ತಿವಿದು ಬಾವಿ ಮಾಡಿದರು. ನಮ್ಮಲ್ಲಿ ಗುರುಗಳು ಪಾದುಕೆಯಿಂದ. ಭೂಗರ್ಭಶಾಸ್ತ್ರಜ್ಞರ ಮಾತೂ ಇದೆ: ಬೀದರಿನ ಎತ್ತರದ ನೆಲ ಜಂಬಿಟ್ಟಿಗೆಯ ಕಲ್ಲು, ರಂಧ್ರಗಳಿರುವುದರಿಂದ ಮಳೆಯ ನೀರನ್ನು ಹೀರುತ್ತದೆ. ಅದರ ಕೆಳಗಿನ ಕರಿಗಲ್ಲು ನೀರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇಳಿದ ನೀರು ಎರಡು ಕಲ್ಲುಗಳ ಸಂಧಿಯಲ್ಲಿ ದಾರಿ ಹುಡುಕಿ, ಗುಡ್ಡದ ಓರೆಯಲ್ಲಿ ಹೊರಬೀಳುತ್ತದೆ. ಇದನ್ನು ತಿಳಿದ ಮೇಲೂ ಆ ನೀರನ್ನು ಬೊಗಸೆಯಲ್ಲಿ ಹಿಡಿದಾಗ ನನ್ನ ಭಕ್ತಿಯೇನೂ ಕಡಮೆಯಾಗಲಿಲ್ಲ.

ಭಕ್ತಿಯೆಂದೆ. ಈ ಭಕ್ತಿಯನ್ನು ಎಲ್ಲರೂ ಮೆಚ್ಚಿದವರಲ್ಲ. ಐರ್ಲೆಂಡನ್ನು ಆಳುತ್ತಿದ್ದ ಪ್ರೊಟೆಸ್ಟೆಂಟರು 1704ರಲ್ಲಿ ಒಂದು ಕಾನೂನು ಮಾಡಿ, ಬಾವಿಗಳಿಗೆ ಯಾತ್ರೆ ಹೋಗಿ ನೆರೆಯುವವರಿಗೆ ತಲೆಗೆ ಹತ್ತು ಷಿಲಿಂಗು ದಂಡ, ಕೊಡಲಾರದವರಿಗೆ ಬಹಿರಂಗವಾಗಿ ಚಾವಟಿಯ ಏಟು ಎಂದು ವಿಧಿಸಿದರು. ಬಳಿಕ ಅವರ ಸ್ವಂತ ಪಾದ್ರಿಗಳೇ, ಜಾತ್ರೆಯಲ್ಲಿ ಕುಡಿತ ಹೊಡೆದಾಟಗಳು ಹೆಚ್ಚಾದುವೆಂದು ಬಾವಿಯ ಉತ್ಸವಗಳನ್ನು ನಿಲ್ಲಿಸಹೊರಟರು. ಕೆಲವು ನಿಂತವು, ಬಹಳಷ್ಟು ನಿಲ್ಲಲಿಲ್ಲ. ನಮ್ಮಲ್ಲಿ ಬಸವಣ್ಣನವರು ತೀರ್ಥಸ್ನಾನದ ಮೋಹವನ್ನು ಹನ್ನೆರಡನೆಯ ಶತಮಾನದಲ್ಲೇ ಪರಿಹಾಸ್ಯ ಮಾಡಿದ್ದರು.

ಇದಕ್ಕಿಂತ ಕಟುವಾದ ಪ್ರಸಂಗ ನಡೆದದ್ದು ನಮ್ಮೂರಿನ ಪಶ್ಚಿಮಕ್ಕೆ, ಅಕ್ಕಲಕೋಟೆಯ ಆಚೆಗಿನ ಸೊಲ್ಲಾಪುರದಲ್ಲಿ. ಅಂದಿನ ಹೆಸರು ಸೊನ್ನಲಿಗೆ. ಅಲ್ಲಿ ಸಿದ್ಧರಾಮನು ಸಾವಿರಾರು ಜನರನ್ನು ಕೂಡಿಸಿ ಕೆರೆ ಅಗೆಸುತ್ತಿದ್ದ. ಅಲ್ಲಮಪ್ರಭು ಅಲ್ಲಿಗೆ ಬಂದು, "ಎಲ್ಲಿ ನಿಮ್ಮ ಒಡ್ಡ ರಾಮ?" ಎಂದು ಹಂಗಿಸಿದನೆಂದು ಶೂನ್ಯಸಂಪಾದನೆಗಳು ಹೇಳುತ್ತವೆ. ಕೆರೆಯ ಕೆಲಸದವರು ಕೆರಳಿ ಅವನ ಮೇಲೆ ಕಲ್ಲು ಬೀರಿದರು. ಮಣ್ಣು ಹೊರುವುದರಿಂದ ಮುಕ್ತಿಯುಂಟೆ ಎಂಬುದು ಅಲ್ಲಮನ ಪ್ರಶ್ನೆ. ಸಿದ್ಧರಾಮನು ಮಣಿದು, ಅವನೊಡನೆ ಕಲ್ಯಾಣಕ್ಕೆ ಹೋದ. ವಾದದಲ್ಲಿ ಅಲ್ಲಮ ಗೆದ್ದನೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಂಟು ಶತಮಾನಗಳ ತರುವಾಯವೂ ಸೊಲ್ಲಾಪುರದ ನಡುವೆ ಸಿದ್ಧೇಶ್ವರನ ಗುಡಿಯ ಸುತ್ತ ಕೆರೆಯಿದೆ. ಮಕರ ಸಂಕ್ರಾಂತಿಯಲ್ಲಿ ನಂದಿಧ್ವಜಗಳು ಅರವತ್ತೆಂಟು ಲಿಂಗಗಳನ್ನು ಸುತ್ತಿ ಬರುತ್ತವೆ. ಅಲ್ಲಮನನ್ನು ಓದುವಾಗ ನಾನು ಅಲ್ಲಮನ ಕಡೆ. ಬೇಸಿಗೆಯಲ್ಲಿ ಆ ಕೆರೆಯ ದಂಡೆಯಲ್ಲಿ ನಿಂತಾಗ ಮಾತ್ರ ಮನಸ್ಸು ಆ ಒಡ್ಡನ ಕಡೆಗೇ ವಾಲುತ್ತದೆ.

ಇನ್ನು ನಮ್ಮ ಮನೆಯ ಬಾವಿಯ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ನಮ್ಮ ಹಿತ್ತಿಲಿನಲ್ಲಿ ಅಜ್ಜನ ಕಾಲದ ಒಂದು ಕಲ್ಲುಕಟ್ಟಿನ ಬಾವಿಯಿದೆ. ಕರಿ ಮಣ್ಣು, ಅದರ ಕೆಳಗೆ ಮುರುಮು, ಅದರ ಕೆಳಗೆ ಗಟ್ಟಿ ಕರಿಗಲ್ಲು. ಮುರುಮಿನ ಪದರದಲ್ಲೇ ನಮ್ಮ ಕಡೆಯ ಹಳೆಯ ಬಾವಿಗಳಿಗೆಲ್ಲ ಸೆಲೆ. ಊರ ತುಂಬ ಕೊಳವೆ ಬಾವಿಗಳಾಗಿ, ಅವು ಕರಿಗಲ್ಲಿನ ಬಿರುಕುಗಳವರೆಗೂ ಇಳಿದ ಮೇಲೆ ಮೇಲಿನ ಸೆಲೆ ಸೊರಗಿತು. ನಮ್ಮ ಮನೆಗೂ ಕೊಳವೆ ಬಾವಿ ಬಂತು, ಆಮೇಲೆ ನಳವೂ ಬಂತು. ಗಡಗಡೆ ತುಕ್ಕು ಹಿಡಿಯಿತು. ಕಳೆದ ವರ್ಷ ಅಣ್ಣನು, ಮಕ್ಕಳು ಬಿದ್ದಾರೆಂಬ ಭಯದಿಂದಲೂ ಮೊಮ್ಮಗನಿಗೆ ಒಂದು ಕೋಣೆ ಕಟ್ಟಿಸಬೇಕೆಂಬ ಆಸೆಯಿಂದಲೂ ಬಾವಿಯನ್ನು ಮುಚ್ಚಿಸಲು ನಿಶ್ಚಯಿಸಿದ. ಮಣ್ಣಿಗೂ ಹೇಳಿದ್ದಾಗಿತ್ತು. ಆಗ ಐರ್ಲೆಂಡಿನಿಂದ ಅಕ್ಕನ ಫೋನು: ತಾನು ಬರುವವರೆಗೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು. ಅಣ್ಣ ಮನೆಗೆ ಹಿರಿಯ. ಆದರೆ ಅಕ್ಕ ಅವನಿಗಿಂತ ಎರಡು ವರ್ಷ ದೊಡ್ಡವಳು.

ಅಕ್ಕ ಬಂದವಳೇ ಹೂಳು ತೆಗೆಸಲು ಹಚ್ಚಿದಳು. ನಾನೂ ಊರಿಗೆ ಹೋಗಿದ್ದೆ. ನಾಲ್ಕು ದಿನ ಕೆಸರು ಮೇಲೆ ಬಂತು. ಅದರೊಡನೆ ಯಾವ ಪಾತಾಳಗರಡಿಗೂ ಸಿಕ್ಕದೆ ಉಳಿದಿದ್ದ ಎರಡು ಹಿತ್ತಾಳೆಯ ಕೊಡ, ಒಂದು ಬೋಗುಣಿ, ನನ್ನದೇ ಇರಬಹುದಾದ ಒಂದು ಬುಗುರಿ ಬಂದವು. ಐದನೆಯ ದಿನ ಮುರುಮಿನ ಸಂದಿಯಿಂದ ನೀರು ಒಸರಿತು. ಬಾವಿಯಲ್ಲಿ ಇಳಿದವರಲ್ಲಿ ಹಿರಿಯನಾದವನು ಮೇಲೆ ಬಂದು, ಮೈ ಒರೆಸಿಕೊಂಡು, ಹಿತ್ತಿಲ ಗೋಡೆಯಾಚೆ ಇರುವ ಒಂದು ಚಪ್ಪಟೆ ಕಲ್ಲಿನ ಕಡೆ ಕೈದೋರಿದ. "ನಮ್ಮಾಯಿ ಇಲ್ಲೇ ನಿಂದರ್ತಿದ್ದಳಂತ್ರಿ, ಅವ್ವಾರ. ಕೊಡ ಈ ಕಲ್ಲಿನ ಮ್ಯಾಲ ಇಟ್ಟು ದೂರ ಸರೀತಿದ್ದಳಂತ" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು. ನಾನು ಆ ದೃಶ್ಯವನ್ನು ಕಂಡವನೇ. ಆಯಿ ಈಚೆಯಿಂದ ನೀರು ಸೇದಿ, ಗೋಡೆಯ ಮೇಲಿಂದ ಎತ್ತರಿಸಿ ಆ ಕೊಡಕ್ಕೆ ಸುರಿಯುತ್ತಿದ್ದಳು. ಕೊಡ ಕೊಡಕ್ಕೆ ತಾಗದಂತೆ. ಎಷ್ಟು ಕೊಡ ಕೇಳಿದರೂ ಸುರಿಯುತ್ತಿದ್ದಳು, ಬಿಸಿಲಿನಲ್ಲಿ ತೋಳು ಸೋಲುವವರೆಗೆ. ಅದನ್ನೇ ನಾವು ಅವಳ ಔದಾರ್ಯವೆಂದು ಬಹುಕಾಲ ಹೇಳಿಕೊಂಡು ಬಂದೆವು. ಗಾಣಗಾಪುರದ ಮನ್ಮಥ ತೀರ್ಥದಲ್ಲಿ ಹಕ್ಕು ಸ್ಥಾಪಿಸಿದ ಆಯಿಗೆ, ತನ್ನ ಬಾವಿಯ ಹಗ್ಗವನ್ನು ಆ ಹೆಣ್ಣುಮಗಳ ಕೈಗೆ ಕೊಡಬೇಕೆಂದು ಒಂದು ದಿನವೂ ತೋಚಲಿಲ್ಲ. ನಮಗೂ ತೋಚಲಿಲ್ಲ. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಮಹಾಡದ ಚವದಾರ ಕೆರೆಗಿಳಿದು ಬೊಗಸೆ ನೀರು ಕುಡಿದಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಹೇಳಿ, ಅವುಗಳ ಬಳಕೆಯಲ್ಲಿ ಜಾತಿಭೇದ ಕೂಡದೆಂದಿತು. ಒಂದು ದೇಶದ ಸಂವಿಧಾನದಲ್ಲಿ ಬಾವಿಯ ಹೆಸರು ಬರಬೇಕಾದರೆ ಬಾವಿಯ ಕಟ್ಟೆಯ ಮೇಲೆ ಏನೇನು ನಡೆದಿರಬೇಕು! ಅದು ಸಾರ್ವಜನಿಕರ ಬಾವಿಗಳ ಮಾತು, ನಮ್ಮದು ಮನೆಯ ಬಾವಿ ಎಂದು ವಕೀಲರು ಹೇಳಿಯಾರು. ಗೋಡೆಯಾಚೆಯ ಆ ಕಲ್ಲಿಗೆ ವಕೀಲರ ಮಾತು ತಿಳಿಯದು.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಹೊಸ ಹಗ್ಗವನ್ನೂ ಕೊಡವನ್ನೂ ತಂದು ಅವನ ಮುಂದಿಟ್ಟಳು. ಅವನೇ ಮೊದಲ ಕೊಡ ಸೇದಿದ. ನೀರು ಇನ್ನೂ ಕದಡಿತ್ತು, ಕುಡಿಯುವಂತಿರಲಿಲ್ಲ. ಅವನು ಕಾಲಿನ ಕೆಸರು ತೊಳೆದುಕೊಂಡ.

ಈ ಯುಗಾದಿಯ ಮುಂಚೆ ಅಕ್ಕನ ಮಗಳು ಕೂಸನ್ನೆತ್ತಿಕೊಂಡು ಊರಿಗೆ ಬಂದಾಗ ಗಂಗೆಯ ಪೂಜೆ ಮತ್ತೊಮ್ಮೆ ನಮ್ಮ ಬಾವಿಯ ಕಟ್ಟೆಯ ಮೇಲೆ ಆಯಿತು. ಕಿಲ್ಡೇರಿನಲ್ಲಿ ಅಕ್ಕ ನಿಜವಾಗಿ ಏನು ಮಾಡಿದ್ದಳೆಂದು ಆಗ ಗೊತ್ತಾಯಿತು. ಬೇರೆಯವರ ದೇವಸ್ಥಳದಲ್ಲಿ ಕುಂಕುಮ ಹಚ್ಚುವುದು ಸರಿಯಲ್ಲವೆಂದು ಅವಳು ಆ ಐದು ಕಲ್ಲುಗಳನ್ನು ಮುಟ್ಟಿರಲಿಲ್ಲ. ಮಗಳ ಹಣೆಗೆ ಕುಂಕುಮವಿಟ್ಟು, ಬಾವಿಗೆ ಕೈಮುಗಿಸಿ, ಬಲಕ್ಕೆ ಸುತ್ತಿಸಿ ಕರೆತಂದಿದ್ದಳು. ಅಲ್ಲಿಗೆ ಬಂದಿದ್ದ ಒಬ್ಬ ಮುದುಕಿ ಕೂಸಿನ ಪಾದ ಮುಟ್ಟಿ ತನ್ನ ಭಾಷೆಯಲ್ಲಿ ಏನೋ ಹರಸಿದಳಂತೆ.

ಬಾವಿಗೆ ಈಗ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ. ಮೊಮ್ಮಗನ ಕೋಣೆಗೆ ಬೇರೆ ಜಾಗ ನೋಡಿದ್ದಾರೆ. ಗೋಡೆಯಾಚೆಯ ಕಲ್ಲನ್ನು ಕೀಳಿಸಿಬಿಡಬೇಕೆಂದು ಅಣ್ಣ ಹೇಳುತ್ತಾನೆ. ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆಂಬುದು ಅವನ ಕಾರಣ. ನಾಚಿಕೆಯಾಗುವುದರಿಂದಲೇ ಅದು ಅಲ್ಲಿರಬೇಕೆಂದು ಅಕ್ಕ ಹಟ ಹಿಡಿದಿದ್ದಾಳೆ. ಹೂಳು ತೆಗೆದವನನ್ನು ಕೇಳೋಣವೆಂದು ನಾನೆಂದೆ. ಅವನು ಕೆಲಸದ ಮೇಲೆ ಪುಣೆಗೆ ಹೋಗಿದ್ದಾನೆ, ದೀಪಾವಳಿಗೆ ಬರುತ್ತಾನಂತೆ.